ಜಪಾನಿನ ಸಾದೊ ದ್ವೀಪಕ್ಕೆ ‘ನೋ’ ನಾಟಕ ನೋಡಲು ಹೋಗುವವರು ವಾಪಸ್ ಬರುವ ಗಾಡಿ ಮೊದಲು ಗೊತ್ತು ಮಾಡಿಕೊಳ್ಳಿ

ರಾತ್ರಿ ಒಂಬತ್ತೂಕಾಲು. ಆಟ ಮುಗಿದಿತ್ತು, ಬೆಂಕಿ ಆರಿಸಿದ್ದರು. ನಾನು, ನನ್ನ ಹೆಂಡತಿ ಗುಡಿಯ ಕೆಳಗಿನ ಬಸ್ ಸ್ಟಾಪಿನಲ್ಲಿ ಮೊಬೈಲ್ ಬೆಳಕು ಹಿಡಿದು ಕಂಬಕ್ಕೆ ಅಂಟಿಸಿದ್ದ ವೇಳಾಪಟ್ಟಿ ಓದುತ್ತಾ ನಿಂತಿದ್ದೆವು. ಕೊನೆಯ ಬಸ್ಸು ಎರಡು ಗಂಟೆ ಮುಂಚೆಯೇ ಹೋಗಿತ್ತು. ರೂಮು ಕೊಟ್ಟವರು ‘ಬಸ್ಸಿದೆ, ಯೋಚನೆ ಬೇಡ’ ಅಂದಿದ್ದರು. ಬಸ್ಸೇನೋ ಇತ್ತು, ಆದರೆ ಅದು ಶಾಲೆ ಇರುವ ದಿನ ಮಾತ್ರ ಓಡುವ ಬಸ್ಸು, ಅವತ್ತು ಶನಿವಾರ. ಟ್ಯಾಕ್ಸಿಗೆ ಫೋನ್ ಮಾಡಿದರೆ ಮೊದಲೇ ಹೇಳಿಟ್ಟಿದ್ದರೆ ಬರುತ್ತಿದ್ದೆವು, ಈಗ ಗಾಡಿ ಇಲ್ಲ ಅಂದರು. ರೂಮು 14 ಕಿಲೋಮೀಟರ್ ದೂರ. ಕೊನೆಗೆ ಆಟ ನೋಡಲು ಬಂದಿದ್ದ ವಯಸ್ಸಾದ ದಂಪತಿ ತಮ್ಮ ಪುಟ್ಟ ಕಾರಿನಲ್ಲಿ ಕರೆದುಕೊಂಡು ಹೋಗಿ ಬಾಗಿಲಲ್ಲೇ ಬಿಟ್ಟರು. ಆ ರೂಮಿಗೆ ಒಂದು ರಾತ್ರಿಗೆ 15,000 ಯೆನ್ ಕೊಟ್ಟಿದ್ದೆವು, ತಿಂಡಿ ಊಟ ಏನೂ ಇಲ್ಲ, ಕಿಟಕಿ ತೆಗೆದರೆ ಪಕ್ಕದ ಗೋಡೆ. ನಮಗಾದದ್ದು ನಿಮಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹಾಗಂತ ಸಾದೊಗೆ ಹೋಗಬೇಡಿ ಅಂತಲ್ಲ. ಹೋಗಲೇಬೇಕು.

‘ನೋ’ ಅಂದರೆ ಜಪಾನಿನ ಮುಖವಾಡದ ನಾಟಕ, ಆರುನೂರು ವರ್ಷಕ್ಕಿಂತ ಹಳೆಯದು. ನಾನು ಮೊದಲು ನೋಡಿದ್ದು ಟೋಕಿಯೊದ ಒಂದು ರಂಗಮಂದಿರದಲ್ಲಿ. ಎಲ್ಲಕ್ಕಿಂತ ಕಡಿಮೆ ಬೆಲೆಯ ಸೀಟು ತಗೊಂಡಿದ್ದೆ. ನೋ ರಂಗಸ್ಥಳ ಸುಮಾರು ಆರು ಮೀಟರ್ ಉದ್ದಗಲದ ಚೌಕ, ನಾಲ್ಕು ಮೂಲೆಗೆ ನಾಲ್ಕು ಕಂಬ, ಕಟ್ಟಡದ ಒಳಗಿದ್ದರೂ ಅದಕ್ಕೊಂದು ಬೇರೆ ಸೂರು. ಜನ ಮುಂದುಗಡೆಯೂ ಕೂರುತ್ತಾರೆ, ಎಡಪಕ್ಕದಲ್ಲೂ ಕೂರುತ್ತಾರೆ. ಈ ಎರಡರ ನಡುವಿನ ಮೂಲೆಯ ಸೀಟುಗಳೇ ಅಗ್ಗ. ಯಾಕೆ ಅಂತ ಕೂತ ಮೇಲೆ ಗೊತ್ತಾಯಿತು. ಕಂಬ ಸರಿಯಾಗಿ ಕಣ್ಣೆದುರಿಗೇ ಬರುತ್ತೆ, ಮುಖ್ಯ ನಟ ನಡುವೆ ಬಂದು ನಿಂತಾಗಲೆಲ್ಲ ನನಗೆ ಕಂಡದ್ದು ಅರ್ಧ ತೋಳು.

ಆ ಕಂಬಕ್ಕೆ ಮೆತ್ಸುಕೆ-ಬಾಶಿರಾ ಅಂತ ಹೆಸರು, ಕಣ್ಣಿಡುವ ಕಂಬ ಅಂತ ಅರ್ಥ. ಮುಖವಾಡದ ಕಣ್ಣಿನ ತೂತು ತೀರಾ ಸಣ್ಣದು, ನಟನಿಗೆ ಕಾಲ ಕೆಳಗಿನ ನೆಲವೂ ಕಾಣುವುದಿಲ್ಲ. ಆ ಕಂಬವನ್ನು ಗುರುತಿಟ್ಟುಕೊಂಡೇ ತಾನು ಎಲ್ಲಿದ್ದೇನೆ, ಅಂಚು ಎಷ್ಟು ದೂರ ಅಂತ ಅಂದಾಜು ಮಾಡುತ್ತಾನೆ. ಅದಿಲ್ಲದಿದ್ದರೆ ಕೆಳಗೆ ಬೀಳುತ್ತಾನೆ. ಇದು ತಿಳಿದ ಮೇಲೆ ಕಂಬದ ಮೇಲಿನ ಸಿಟ್ಟು ಹೋಯಿತು. ಆದರೂ ನೀವು ಮುಂದುಗಡೆಯ ಸೀಟೇ ತಗೊಳ್ಳಿ, ಸಿಗದಿದ್ದರೆ ಎಡಪಕ್ಕದ್ದು. ಎಡಪಕ್ಕದಲ್ಲಿ ಕೂತರೆ ನಟ ನಡೆದು ಬರುವ ಸೇತುವೆ ಹತ್ತಿರದಲ್ಲೇ ಕಾಣುತ್ತೆ. ಮಾತು ಅರ್ಥವಾಗಬೇಕು ಅನ್ನುವವರು ಟೋಕಿಯೊದ ಸೆಂದಗಾಯಾದಲ್ಲಿರುವ ರಾಷ್ಟ್ರೀಯ ನೋ ರಂಗಮಂದಿರಕ್ಕೆ ಹೋಗಿ, ಅಲ್ಲಿ ಎದುರಿನ ಸೀಟಿನ ಬೆನ್ನಿಗೆ ಸಣ್ಣ ಪರದೆ ಇದೆ, ಇಂಗ್ಲಿಷಿನಲ್ಲೂ ಸಾಲುಗಳು ಬರುತ್ತವೆ. ಟೋಕಿಯೊದ ಉಳಿದ ದಿನಗಳ ಬಗ್ಗೆ ಬರೆಯುವುದಿಲ್ಲ. ಆ ಜನಜಂಗುಳಿ ನನಗಾಗುವುದಿಲ್ಲ.

ಈಗ ಸಾದೊ. ನೋ ನಾಟಕಕ್ಕೆ ಇವತ್ತಿನ ರೂಪ ಕೊಟ್ಟ ಝೆಯಾಮಿಯನ್ನು 1434ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಗಡೀಪಾರು ಮಾಡಿದ್ದು ಈ ದ್ವೀಪಕ್ಕೆ. ಆಮೇಲೆ 1600ರ ಸುಮಾರಿಗೆ ಇಲ್ಲಿನ ಚಿನ್ನದ ಗಣಿ ನೋಡಿಕೊಳ್ಳಲು ಬಂದ ಒಕುಬೊ ನಾಗಯಾಸು ಅನ್ನುವ ಅಧಿಕಾರಿ ಜೊತೆಯಲ್ಲಿ ನೋ ಕಲಾವಿದರನ್ನೂ ಕರೆತಂದ. ಅವರಿಂದ ಊರಿನ ಜನ ಕಲಿತರು. ಒಂದು ಕಾಲಕ್ಕೆ ಇನ್ನೂರಕ್ಕೂ ಜಾಸ್ತಿ ರಂಗಸ್ಥಳ ಇದ್ದವಂತೆ, ಈಗಲೂ ಮೂವತ್ತಕ್ಕೂ ಹೆಚ್ಚು ಉಳಿದಿವೆ, ಹೆಚ್ಚಿನವು ಊರ ಗುಡಿಯ ಅಂಗಳದಲ್ಲೇ. ಜೂನ್ ತಿಂಗಳಲ್ಲಿ ಒಂದಲ್ಲ ಒಂದು ಕಡೆ ಆಟ ಇದ್ದೇ ಇರುತ್ತೆ. ನಾವು ನೋಡಿದ್ದಕ್ಕೆ ಟಿಕೆಟ್ಟೇ ಇರಲಿಲ್ಲ.

ಟೋಕಿಯೊದಿಂದ ಬುಲೆಟ್ ರೈಲು ಶಿಂಕಾನ್‌ಸೆನ್‌ನಲ್ಲಿ ನೀಗಾಟಾಗೆ ಸುಮಾರು ಎರಡು ಗಂಟೆ. ಅಲ್ಲಿಂದ ಸಾದೊದ ರ್‍ಯೋತ್ಸು ಬಂದರಿಗೆ ಜೆಟ್‌ಫಾಯಿಲ್‌ ದೋಣಿಯಲ್ಲಿ ಒಂದು ಗಂಟೆ ಚಿಲ್ಲರೆ, ದೊಡ್ಡ ಹಡಗಿನಲ್ಲಿ ಎರಡೂವರೆ ಗಂಟೆ. ಅವಸರ ಇಲ್ಲದಿದ್ದರೆ ಹಡಗೇ ಹಿತ, ಕಾಲು ಚಾಚಿ ಮಲಗಬಹುದು, ದುಡ್ಡೂ ಕಡಿಮೆ.

ಅವತ್ತಿನ ಆಟ ‘ಹಗೊರೊಮೊ’. ಬೆಸ್ತನೊಬ್ಬನಿಗೆ ಪೈನ್ ಮರದ ಮೇಲೆ ದೇವಕನ್ಯೆಯ ಗರಿಯ ವಸ್ತ್ರ ಸಿಗುತ್ತೆ. ಅದಿಲ್ಲದೆ ಅವಳು ಸ್ವರ್ಗಕ್ಕೆ ಮರಳಲಾರಳು. ಕುಣಿದು ತೋರಿಸಿದರೆ ಕೊಡುತ್ತೇನೆ ಅನ್ನುತ್ತಾನೆ ಅವನು. ವಸ್ತ್ರ ಮೊದಲು ಕೊಡು, ಅದಿಲ್ಲದೆ ಕುಣಿಯಲಾಗದು ಅನ್ನುತ್ತಾಳೆ ಅವಳು. ಕೊಟ್ಟರೆ ಕುಣಿಯದೇ ಹಾರಿ ಹೋದರೆ? ಸಂಶಯ ಇರುವುದು ಮನುಷ್ಯರಲ್ಲಿ, ಸ್ವರ್ಗದಲ್ಲಿ ಸುಳ್ಳಿಲ್ಲ ಅಂತ ಅವಳ ಉತ್ತರ. ಇಷ್ಟು ಕಥೆ ಗೊತ್ತಿದ್ದರೆ ಭಾಷೆ ಬಾರದಿದ್ದರೂ ಸಾಕು.

ನಾವು ಚಾಪೆ ಹಾಸಿ ಎರಡನೇ ಸಾಲಿನಲ್ಲಿ ಕೂತಿದ್ದೆವು. ಕತ್ತಲಾಗುವ ಹೊತ್ತಿಗೆ ಕಬ್ಬಿಣದ ಬುಟ್ಟಿಗಳಲ್ಲಿ ಸೌದೆ ಹೊತ್ತಿಸಿದರು. ಮುಖವಾಡ ನಟನ ಮುಖಕ್ಕಿಂತ ಚಿಕ್ಕದು. ಬಿಳಿ ಹೆಣ್ಣುಮುಖದ ಕೆಳಗೆ ವಯಸ್ಸಾದ ಗಂಡಸಿನ ಗದ್ದ, ಸುಕ್ಕು ಬಿದ್ದ ಕತ್ತು ಎಲ್ಲ ಕಾಣುತ್ತಿತ್ತು. ಮೊದಲ ಹತ್ತು ನಿಮಿಷ ನನ್ನ ಕಣ್ಣು ಆ ಗದ್ದದ ಮೇಲೇ. ಆಮೇಲೆ ಅವರು ಮುಖವನ್ನು ಒಂಚೂರು ಕೆಳಗೆ ಬಾಗಿಸಿದರು. ಹಣೆಯ ನೆರಳು ಕಣ್ಣಿಗೆ ಬಿತ್ತು, ಮುಖ ಅಳುವ ಹಾಗಾಯಿತು. ವಸ್ತ್ರ ಕೈಗೆ ಬಂದಾಗ ಸ್ವಲ್ಪ ಮೇಲೆತ್ತಿದರು, ಬೆಂಕಿಯ ಬೆಳಕು ಕೆನ್ನೆಗೆ ಬಿತ್ತು, ನಕ್ಕ ಹಾಗಾಯಿತು. ಮರದ ಮುಖ ಕಣ್ರೀ ಅದು! ಬಾಗಿಸುವುದಕ್ಕೆ ‘ಮೋಡ ಕವಿಸು’, ಎತ್ತುವುದಕ್ಕೆ ‘ಬೆಳಗಿಸು’ ಅನ್ನುತ್ತಾರೆ ಆ ಕಸುಬಿನವರು. ವಿದ್ಯುತ್ ದೀಪದಡಿ ಟೋಕಿಯೊದಲ್ಲಿ ನನಗೆ ಇದು ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಗಾಳಿಗೆ ಬೆಂಕಿ ಅಲ್ಲಾಡಿದಾಗ ನಟ ಸುಮ್ನೆ ನಿಂತಿದ್ದರೂ ಆ ಮುಖ ಉಸಿರಾಡುತ್ತಿತ್ತು.

ಊಟದ ವಿಷಯ. ಬಂದರಿನ ಹಿಂದಿನ ಬೀದಿಯಲ್ಲಿ ಅಜ್ಜಿಯೊಬ್ಬರು ನಡೆಸುವ ಆರು ಕುರ್ಚಿಯ ಹೋಟೆಲು, ಹೊರಗೆ ನೀಲಿ ಬಟ್ಟೆ ತೂಗುಹಾಕಿದ್ದಾರೆ, ಹೆಸರು ಓದಲು ಬರಲಿಲ್ಲ. 850 ಯೆನ್‌ಗೆ ಕೆಂಡದ ಮೇಲೆ ಸುಟ್ಟ ಮೀನು, ಸಮುದ್ರದ ಸೊಪ್ಪು ಹಾಕಿದ ಮಿಸೊ (ಹುದುಗಿಸಿದ ಸೋಯಾ) ಸಾರು, ಎರಡು ಬಗೆ ಉಪ್ಪಿನಕಾಯಿ, ಮತ್ತೆ ಅನ್ನ. ಆ ಅನ್ನ! ಸಾದೊದಲ್ಲೇ ಬೆಳೆದ ಅಕ್ಕಿ, ಬಾಯಿಗಿಟ್ಟರೆ ಸಿಹಿ, ಬರೀ ಅನ್ನವನ್ನೇ ಎರಡು ಬಟ್ಟಲು ತಿಂದೆ. ಮೂರು ದಿನ ಮಧ್ಯಾಹ್ನ ಅಲ್ಲೇ. ನನ್ನ ಹೆಂಡತಿ ಸಸ್ಯಾಹಾರಿ, ಸೋಬಾ ಅನ್ನುವ ಶಾವಿಗೆಯ ಸಾರಿನಲ್ಲೂ ಮೀನಿನ ರಸ ಇರುತ್ತೆ ಅಂತ ಮುಟ್ಟಲಿಲ್ಲ. ಅದು ಗೊತ್ತಾದ ಮೇಲೆ ಅಜ್ಜಿ ಉಪ್ಪಲ್ಲಿಟ್ಟ ಉಮೆ ಅನ್ನುವ ಹುಳಿ ಹಣ್ಣು ಒಳಗಿಟ್ಟು ಅನ್ನದ ಉಂಡೆ ಕಟ್ಟಿಕೊಟ್ಟರು, ಮೂರು ದಿನವೂ. ಮನೆಯಿಂದ ತಂದ ಚಟ್ನಿಪುಡಿ ಅದಕ್ಕೆ ಚೆನ್ನಾಗಿ ಹೊಂದಿತು. ಸಸ್ಯಾಹಾರಿಗಳು ಚಟ್ನಿಪುಡಿ ಮರೆಯಬೇಡಿ.

ಸಾಧ್ಯವಾದರೆ ಕಾರು ಬಾಡಿಗೆಗೆ ತಗೊಳ್ಳಿ. ಊರಿನಲ್ಲೇ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗಿ, ಜಪಾನಿನಲ್ಲೂ ಗಾಡಿ ಓಡುವುದು ಎಡಗಡೆಯೇ. ಓಡಿಸಲು ಬಾರದಿದ್ದರೆ ಆಟದ ಹಿಂದಿನ ದಿನವೇ ವಾಪಸ್ ಬರಲು ಟ್ಯಾಕ್ಸಿ ಹೇಳಿಡಿ, ಇಲ್ಲವೇ ನಡೆದು ಹೋಗುವಷ್ಟು ದೂರದಲ್ಲೇ ರೂಮು ಹಿಡಿಯಿರಿ. ಜೂನ್ ಅಂತ ತೆಳು ಅಂಗಿಯಲ್ಲಿ ಹೋಗಬೇಡಿ, ರಾತ್ರಿ ಚಳಿ ಹಿಡಿಯುತ್ತೆ. ಮಳೆ ಬಂದರೆ ಆಟ ಒಳಾಂಗಣಕ್ಕೆ ಹೋಗಬಹುದು, ಅದಕ್ಕೇ ಎರಡು ದಿನ ಕೈಯಲ್ಲಿಟ್ಟುಕೊಳ್ಳಿ.

ಇನ್ನೊಂದು. ಕುಣಿತ ಮುಗಿದ ತಕ್ಷಣ ಏಳಬೇಡಿ. ದೇವಕನ್ಯೆ ಸೇತುವೆಯ ಮೇಲೆ ಪಾದ ಜಾರಿಸುತ್ತಾ ನಿಧಾನವಾಗಿ ಹಿಂದಿರುಗುತ್ತಾಳೆ, ಆಮೇಲೆ ಬೆಸ್ತ, ಆಮೇಲೆ ಮೇಳದವರು. ಅಷ್ಟು ಹೊತ್ತೂ ಯಾರೂ ಮಾತಾಡುವುದಿಲ್ಲ, ಸೌದೆ ಚಟಪಟ ಅನ್ನುವುದು ಮಾತ್ರ ಕೇಳುತ್ತೆ. ಗಾಡಿ ಗೊತ್ತು ಮಾಡಿದ್ದರೆ ಅದನ್ನೆಲ್ಲ ಕೂತು ನೋಡಬಹುದು.