ಇ ತಂತಿ ಯಾಕೆ ಇಳಿಯುತ್ತಿತ್ತು?

ಗಣೇಶನ ಹಬ್ಬದ ರಸಮಂಜರಿಗೆ ನಾಲ್ಕೇ ದಿನ ಉಳಿದಿತ್ತು. ನನ್ನ ಬೇಸ್ ಗಿಟಾರಿನ ಇ ತಂತಿ, ಅಂದರೆ ನಾಲ್ಕರಲ್ಲಿ ಅತಿ ದಪ್ಪದ್ದು, ಮಾತ್ರ ಶ್ರುತಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಎರಡು ಹಾಡು ಮುಗಿಯುವಷ್ಟರಲ್ಲಿ ಇಳಿದಿರುತ್ತಿತ್ತು. ಅದು 41 ಹರ್ಟ್ಜ್‌ನ ಸ್ವರ. ಕೊಂಚ ತಪ್ಪಿದರೆ ಕೇಳುವವರಿಗೆ ಸಟ್ಟನೆ ಗೊತ್ತಾಗುವುದಿಲ್ಲ, ಆದರೆ ಹಾಡುವವರಿಗೆ ಆಧಾರವೇ ಅಲುಗಾಡುತ್ತದೆ. ನಮ್ಮ ಗಾಯಕಿ ಎರಡು ಸಲ ಹಾಡು ನಿಲ್ಲಿಸಿದಾಗ ತುಂಬಾ ಬೇಜಾರಾಯಿತು.

ಹೊಸ ತಂತಿ, ಇನ್ನೂ ಹಿಗ್ಗುತ್ತಿದೆ ಅಂದುಕೊಂಡೆ. ಆದರೆ ಹಾಕಿ ಹತ್ತು ದಿನ ಆಗಿತ್ತು, ಉಳಿದ ಮೂರೂ ಸರಿಯಾಗಿ ನಿಂತಿದ್ದವು. ಆಮೇಲೆ ಶ್ರುತಿ ಏರಿಸಿಳಿಸುವ ಕೀ ಮೇಲೆ ಅನುಮಾನ ಬಂತು. ಬೇಸಿಗೆಯಲ್ಲಿ ಅಮ್ಮನ ತಂಬೂರಿಯ ಬಿರಡೆ ಜಾರುತ್ತದೆ. ಅಮ್ಮ ಸೀಮೆಸುಣ್ಣ ಉಜ್ಜಿ ಕೂರಿಸುತ್ತಾರೆ. ಇಲ್ಲೂ ಹಾಗೇ ಅಲ್ವಾ ಅನ್ನಿಸಿತು. ಆದರೆ ಬೇಸಿನ ಕೀಗೆ ಸುರುಳಿ ಗೇರು ಇದೆ. ಹಿಡಿ ತಿರುಗಿಸಿದರೆ ತಂತಿ ಸುತ್ತಿಕೊಳ್ಳುವ ಗೂಟ ತಿರುಗುತ್ತದೆ. ತಂತಿ ಎಷ್ಟು ಎಳೆದರೂ ಗೂಟ ಸುಮ್ನೆ ಹಿಂದಕ್ಕೆ ತಿರುಗುವುದಿಲ್ಲ.

ಆ ರಾತ್ರಿ ಶ್ರುತಿ ತೋರಿಸುವ ಟ್ಯೂನರ್ ಹಚ್ಚಿಕೊಂಡು ಕೂತೆ. ತಂತಿಯನ್ನು ಫ್ರೆಟ್‌ಗಳ (ಕತ್ತಿನ ಅಡ್ಡಪಟ್ಟಿಗಳ) ಮೇಲೆ ಹಿಡಿದು ಒಮ್ಮೆ ಮೇಲಕ್ಕೆತ್ತಿ ಬಿಟ್ಟೆ. ಶ್ರುತಿ ಇಳಿಯಿತು. ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಮತ್ತು ಗೂಟದ ನಡುವೆ ಬೆರಳಿಟ್ಟು ಒತ್ತಿ ಬಿಟ್ಟೆ. 'ಟಿಂಗ್' ಅಂತ ಸಣ್ಣ ಸದ್ದು, ಶ್ರುತಿ ಮತ್ತೆ ಮೇಲಕ್ಕೆ ಬಂತು! ಕೀ ಸಡಿಲವಾಗಿದ್ದರೆ ಹೀಗೆ ವಾಪಸ್ ಬರುತ್ತಿರಲಿಲ್ಲ. ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಕಾರಣ ಆಗ ಹೊಳೆಯಿತು. ಮೊದಲು ಇದ್ದ ಇ ತಂತಿ 100ರದು, ಅಂದರೆ ಇಂಚಿನ ಸಾವಿರದಲ್ಲಿ ನೂರು ಭಾಗ ದಪ್ಪ. ಈ ಸಲ ಅಂಗಡಿಯಲ್ಲಿ ಸಿಕ್ಕಿದ್ದು 105. ಕಚ್ಚು ಹಳೆ ದಪ್ಪಕ್ಕೇ ಕೊರೆದದ್ದು. ಜೊತೆಗೆ ನಾನು ಶ್ರುತಿಯನ್ನು ಜಾಸ್ತಿ ಏರಿಸಿ ಆಮೇಲೆ ಇಳಿಸಿ ನಿಲ್ಲಿಸುತ್ತಿದ್ದೆ. ಆಗ ಗೂಟದ ಕಡೆ ತಂತಿ ಸಡಿಲವಾಗಿ ಉಳಿಯುತ್ತದೆ, ಜೋರಾಗಿ ನುಡಿಸಿದಾಗ ಈಚೆಗೆ ಜಾರುತ್ತದೆ.

ಹಳೆ 100ರ ತಂತಿಗೇ 400 ನಂಬರಿನ ಉಪ್ಪುಕಾಗದ ಸುತ್ತಿ ಕಚ್ಚಿನ ಎರಡು ಪಕ್ಕ ಮಾತ್ರ ಮೆಲ್ಲಗೆ ಉಜ್ಜಿದೆ. ತಳ ಮುಟ್ಟಲಿಲ್ಲ. ತಳ ಸವೆದರೆ ತಂತಿ ಮೊದಲ ಫ್ರೆಟ್‌ಗೆ ತಾಗಿ ಝರ್ ಅನ್ನುತ್ತದೆ. ನಾಲ್ಕು ಸಲ ಉಜ್ಜುವುದು, ತಂತಿ ಇಟ್ಟು ನೋಡುವುದು, ಹೀಗೇ ಅರ್ಧ ಗಂಟೆ. ಕೊನೆಗೆ 6ಬಿ ಪೆನ್ಸಿಲ್‌ನ ಸೀಸ ಬಳಿದೆ.

ಈ ಸಲ ಕೆಳಗಿಂದಲೇ ಏರಿಸಿ ನಿಲ್ಲಿಸಿದೆ. ಇ ತಂತಿಯ ಐದನೇ ಫ್ರೆಟ್, ಎ ತಂತಿಯ ಏಳನೇ ಫ್ರೆಟ್, ಎರಡರ ಹಾರ್ಮೋನಿಕ್ಸ್ (ಬೆರಳು ಹಗುರವಾಗಿ ತಾಗಿಸಿ ಬರಿಸುವ ಮೇಲಿನ ಸ್ವರ) ಒಟ್ಟಿಗೆ ಹೊರಡಿಸಿದೆ. ಶ್ರುತಿ ಕೂಡದಿದ್ದಾಗ ಕೇಳುವ 'ವಾವ್ ವಾವ್' ಅನ್ನುವ ಅಲೆ ನಿಧಾನವಾಯಿತು, ಆಮೇಲೆ ನಿಂತಿತು. ಮತ್ತೆ ತಂತಿ ಎತ್ತಿ ಬಿಟ್ಟೆ, ಹದಿನೈದು ನಿಮಿಷ ಜೋರಾಗಿ ನುಡಿಸಿದೆ. ಮತ್ತದೇ ಎರಡು ಸ್ವರ. ಅಲೆ ಇಲ್ಲ.

ಒಳಗಿನ ಕೋಣೆಯಿಂದ ಅಮ್ಮ, "ಈಗ ಕೂಡ್ತು ನೋಡೋ" ಅಂದರು.