ನೋಟೀಸಿನ ಕೊನೆಯ ಸಾಲು

ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ನಾನು ಕಾಸರಗೋಡು ಪೇಟೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ಕನ್ನಡದ ಕರಡು ತಿದ್ದುತ್ತಿದ್ದೆ. ಮದುವೆಯ ಕಾಗದದಲ್ಲೋ ಯಕ್ಷಗಾನದ ಕರಪತ್ರದಲ್ಲೋ ಒಂದು ಅಕ್ಷರ ತಪ್ಪಿದರೆ ಯಜಮಾನರು ಗೊಣಗಿ ಸುಮ್ಮನಾಗುತ್ತಿದ್ದರು. ಚುನಾವಣೆಯ ನೋಟೀಸು ಬಂತೆಂದರೆ ಮಾತ್ರ, ಅದರ ಅಡಿಯಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇವೆಯೇ ಎಂದು ತಾವೇ ಕನ್ನಡಕ ಏರಿಸಿ ನೋಡದೆ ಯಂತ್ರಕ್ಕೆ ಕಾಗದ ಹಾಕಲು ಬಿಡುತ್ತಿರಲಿಲ್ಲ. ಮೇಲಿನ ಹೊಗಳಿಕೆ ತೆಗಳಿಕೆಗಳೆಲ್ಲ ಅಭ್ಯರ್ಥಿಯ ಪಾಡು, ಈ ಕೊನೆಯ ಸಾಲು ಮಾತ್ರ ತಮ್ಮ ಪಾಡು ಎಂಬುದು ಅವರ ನಿಲುವು.

ಅವರ ಭಯಕ್ಕೆ ಕಾರಣ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ವಿಧಿ. ಪ್ರಕಾಶಕನು ತನ್ನ ಗುರುತನ್ನು ತಿಳಿಸುವ ಘೋಷಣೆಗೆ ಸಹಿ ಹಾಕಬೇಕು, ಅವನನ್ನು ಬಲ್ಲ ಇಬ್ಬರು ಅದನ್ನು ದೃಢೀಕರಿಸಬೇಕು, ಅಚ್ಚಾದ ಮೇಲೆ ಮುದ್ರಕನು ಆ ಘೋಷಣೆಯನ್ನೂ ನೋಟೀಸಿನ ಒಂದು ಪ್ರತಿಯನ್ನೂ ಜಿಲ್ಲಾಧಿಕಾರಿಗೆ ಕಳುಹಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಂದು ಪ್ರತಿ ಸರಕಾರಿ ಕಡತಕ್ಕೆ ಸೇರುತ್ತದೆ ಎಂಬುದೇ ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ, ಏಕೆಂದರೆ ನಾಳೆ ಯಾರಾದರೂ ಪ್ರಶ್ನೆ ಕೇಳಬೇಕಾದರೆ ಮುಂದಿಟ್ಟುಕೊಳ್ಳಲು ಒಂದು ಕಾಗದವಾದರೂ ಇರಬೇಕಷ್ಟೆ.

ಫೋನಿಗೆ ಬರುವ ಪ್ರಚಾರಕ್ಕೆ ಇಂತಹ ಕಡತವಿಲ್ಲ. ಗೋಡೆಗೆ ಅಂಟಿಸಿದ ನೋಟೀಸನ್ನು ಎದುರಾಳಿಯೂ ಓದುತ್ತಾನೆ, ಓದಿ ಸಂಜೆಯ ಸಭೆಯಲ್ಲಿ ಉತ್ತರ ಕೊಡುತ್ತಾನೆ. ವಯಸ್ಸು, ಊರು, ಭಾಷೆ ನೋಡಿ ಆರಿಸಿದ ಕೆಲವರಿಗಷ್ಟೇ ತೋರಿಸುವ ಜಾಹೀರಾತು ಪಕ್ಕದ ಮನೆಯವರಿಗೂ ಕಾಣದೆ ಹೋಗಬಹುದು. ನಮ್ಮ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರ ಫಲಿತಾಂಶ ನಿರ್ಧಾರವಾದದ್ದು 89 ಮತಗಳ ಅಂತರದಲ್ಲಿ, 2021ರಲ್ಲಿ 745 ಮತಗಳ ಅಂತರದಲ್ಲಿ. ಇಂತಹ ಕಡೆ ಕನ್ನಡ ಓದುವ ನಾಲ್ಕು ವಾರ್ಡುಗಳಿಗೆ ಮಾತ್ರ ಗುಟ್ಟಾಗಿ ಒಂದು ಮಾತು ತಲುಪಿದರೂ ಅದು ಸಣ್ಣ ಸಂಗತಿಯಲ್ಲ.

ನಿಯಮಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2013ರ ಅಕ್ಟೋಬರಿನಲ್ಲಿ ಚುನಾವಣಾ ಆಯೋಗವು ಅಂತರ್ಜಾಲದ ರಾಜಕೀಯ ಜಾಹೀರಾತಿಗೂ ಮುಂಚಿತ ಪ್ರಮಾಣೀಕರಣ ಬೇಕೆಂದೂ ಅದರ ಖರ್ಚನ್ನು ಲೆಕ್ಕದಲ್ಲಿ ತೋರಿಸಬೇಕೆಂದೂ ಸೂಚಿಸಿತು. 2019ರ ಮಾರ್ಚಿನಲ್ಲಿ ಸಾಮಾಜಿಕ ಜಾಲತಾಣಗಳ ಕಂಪನಿಗಳು ಸ್ವಯಂಪ್ರೇರಿತ ನೀತಿಸಂಹಿತೆಯೊಂದನ್ನು ಒಪ್ಪಿಕೊಂಡವು. ಬೀದಿ ಬದಿಯ ಅಚ್ಚುಕೂಟಕ್ಕೆ ಸೆರೆಮನೆಯ ಕಾನೂನು, ಜಗತ್ತಿನ ಅತಿ ದೊಡ್ಡ ಜಾಹೀರಾತು ವ್ಯಾಪಾರಿಗಳಿಗೆ ಸ್ವಯಂಪ್ರೇರಣೆ! ಅದೇ ವರ್ಷ ಫೇಸ್‌ಬುಕ್ ಮತ್ತು ಗೂಗಲ್ ನಮ್ಮ ದೇಶದ ರಾಜಕೀಯ ಜಾಹೀರಾತುಗಳ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆದವು. ನಾನು ಫೇಸ್‌ಬುಕ್ಕಿನದನ್ನು ಆಗಾಗ ತೆರೆದು ನೋಡುತ್ತೇನೆ. ಹಣ ಕೊಟ್ಟವರ ಹೆಸರಿರುತ್ತದೆ; ಆದರೆ ಖರ್ಚು ‘ಇಷ್ಟರಿಂದ ಇಷ್ಟರವರೆಗೆ’ ಎಂಬ ಅಂದಾಜಿನಲ್ಲಿರುತ್ತದೆ, ನೋಡಿದವರ ಊರು ರಾಜ್ಯದ ಹೆಸರಿಗೆ ಬಂದು ನಿಲ್ಲುತ್ತದೆ. ‘ಕೇರಳ’ ಎಂಬ ಒಂದೇ ಪದದೊಳಗೆ ದಕ್ಷಿಣದ ತುದಿಯ ಪಾರಶ್ಶಾಲೆಯೂ ಇದೆ, ಉತ್ತರದ ಗಡಿಯ ನಮ್ಮ ಪೈವಳಿಕೆಯೂ ಇದೆ.

ಗಡಿಯವರ ತೊಡಕು ಇನ್ನೊಂದಿದೆ. 2019ರಲ್ಲಿ ದಕ್ಷಿಣ ಕನ್ನಡದ ಮತದಾನ ಏಪ್ರಿಲ್ 18ರಂದು, ನಮ್ಮದು 23ರಂದು. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಪ್ರಚಾರ ನಿಲ್ಲಬೇಕೆಂಬ ನಿಯಮ ಗಡಿಯ ತಲಪಾಡಿಯ ಆಚೆ ಜಾರಿಯಲ್ಲಿದ್ದಾಗ ಈಚೆ ಪ್ರಚಾರ ಜೋರಾಗಿತ್ತು. ಬೆಳಿಗ್ಗೆ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಸಂಜೆ ಹಿಂದಿರುಗುವ ಉಪ್ಪಳದ ಮತದಾರನ ಫೋನು ಯಾವ ಗಂಟೆಗೆ ಯಾವ ನಿಯಮಕ್ಕೆ ಒಳಪಟ್ಟಿತ್ತೆಂಬುದಕ್ಕೆ ಆ ಸಂಗ್ರಹದಲ್ಲಿ ಉತ್ತರವಿಲ್ಲ.

ಇದನ್ನೆಲ್ಲ ಕೇಳಬೇಕಾದ ಜಾಗ ಸಂಸತ್ತು. ಮಾಹಿತಿ ತಂತ್ರಜ್ಞಾನದ ಸ್ಥಾಯಿ ಸಮಿತಿಯು 2020ರ ಸೆಪ್ಟೆಂಬರಿನಲ್ಲಿ, ತಿರುವನಂತಪುರದ ಸಂಸದ ಶಶಿ ತರೂರ್ ಅಧ್ಯಕ್ಷರಾಗಿದ್ದಾಗ, ಫೇಸ್‌ಬುಕ್ ಪ್ರತಿನಿಧಿಗಳನ್ನು ಕರೆಸಿತ್ತು. ಇಂತಹ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ಸಮಿತಿಯ ಶಿಫಾರಸು ಸರಕಾರವನ್ನು ಕಟ್ಟಿಹಾಕುವುದೂ ಇಲ್ಲ. ಬ್ರಿಟನ್ನಿನ ಸಂಸದೀಯ ಸಮಿತಿ 2019ರ ಫೆಬ್ರವರಿಯಲ್ಲಿ ಸುಳ್ಳು ಸುದ್ದಿಯ ಕುರಿತು ಅಂತಿಮ ವರದಿ ಕೊಟ್ಟಿತು. ಅಲ್ಲಿ ಡಿಜಿಟಲ್ ಪ್ರಚಾರಕ್ಕೂ ಪ್ರಕಾಶಕರ ಹೆಸರು, ವಿಳಾಸ ಕಡ್ಡಾಯವಾದದ್ದು 2023ರ ನವೆಂಬರಿನಲ್ಲಿ. ಯೂರೋಪಿನ ಒಕ್ಕೂಟ ಇನ್ನೂ ಬಿಗಿಯಾದ ನಿಯಮ ತಂದಾಗ ಗೂಗಲ್ ಮತ್ತು ಫೇಸ್‌ಬುಕ್ಕಿನ ಒಡೆಯ ಕಂಪನಿ ಮೆಟಾ ಅಲ್ಲಿ ರಾಜಕೀಯ ಜಾಹೀರಾತನ್ನೇ ನಿಲ್ಲಿಸಿದವು. ನನಗೆ ಹಿಡಿಸಿದ್ದು ಬ್ರಿಟನ್ನಿನ ದಾರಿ, ಏಕೆಂದರೆ ದೊಡ್ಡ ಸಭೆ ನಡೆಸಲಾಗದ ಬಡ ಅಭ್ಯರ್ಥಿಗೂ ಫೋನು ಬೇಕು.

ಹಾಗಾಗಿ ನಮ್ಮ ಸಂಸದರಿಗೆ ಕೊಡಲೆಂದು ಚುಕ್ಕೆ ರಹಿತ ಪ್ರಶ್ನೆಯೊಂದರ, ಅಂದರೆ ಸಚಿವರು ಲಿಖಿತವಾಗಿ ಉತ್ತರಿಸುವ ಪ್ರಶ್ನೆಯೊಂದರ, ಕರಡನ್ನು ಕಳೆದ ವಾರ ಬರೆದೆ. 127ಎ ವಿಧಿಯನ್ನು ಅಂತರ್ಜಾಲದ ಜಾಹೀರಾತಿಗೂ ವಿಸ್ತರಿಸುವ ಪ್ರಸ್ತಾವ ಸರಕಾರದ ಮುಂದಿದೆಯೇ, ಪ್ರತಿ ಜಾಹೀರಾತಿನ ಪ್ರತಿಯೊಂದನ್ನು ಜಿಲ್ಲೆ, ಭಾಷೆ ಮತ್ತು ನಿಖರ ಮೊತ್ತದೊಂದಿಗೆ ಚುನಾವಣಾಧಿಕಾರಿಗೆ ಸಲ್ಲಿಸಲು ಕಂಪನಿಗಳನ್ನು ಕಡ್ಡಾಯಪಡಿಸಲಾಗುವುದೇ ಎಂಬ ಎರಡೇ ಅಂಶಗಳು. ಬರೆದ ಮೇಲೆ ಯಾವ ಸಚಿವರಿಗೆ ಎಂಬಲ್ಲಿ ತಡೆದೆ: ಚುನಾವಣಾ ಕಾನೂನು ಕಾನೂನು ಸಚಿವಾಲಯದ್ದು, ಸಾಮಾಜಿಕ ಜಾಲತಾಣಗಳ ಹೊಣೆ ಮಾಹಿತಿ ತಂತ್ರಜ್ಞಾನ ಸಚಿವಾಲಯದ್ದು, ಒಬ್ಬರಿಗೆ ಕೇಳಿದರೆ ಇನ್ನೊಬ್ಬರತ್ತ ಕೈ ತೋರಿಸಬಹುದು. ಕೊನೆಗೆ ಎರಡು ಪ್ರತಿ ಮಾಡಿ, ಒಂದರಲ್ಲಿ ಕಾನೂನು ಸಚಿವರೆಂದೂ ಇನ್ನೊಂದರಲ್ಲಿ ಮಾಹಿತಿ ತಂತ್ರಜ್ಞಾನ ಸಚಿವರೆಂದೂ ಬರೆದಿದ್ದೇನೆ. ಪ್ರಶ್ನೆಯ ಸೂಚನೆಯನ್ನು ಕನಿಷ್ಠ 15 ದಿನ ಮೊದಲು ಕೊಡಬೇಕಾದ್ದರಿಂದ ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾಗುವುದನ್ನು ಕಾಯುತ್ತಿದ್ದೇನೆ.