ಉಳಿದ ನಾಲ್ಕು ಮಾತ್ರೆ

ಡ್ರಾಯರ್ ಕ್ಲೀನ್ ಮಾಡುವಾಗ ಹಳೇ ಆಂಟಿಬಯೋಟಿಕ್ ಸ್ಟ್ರಿಪ್ ಒಂದು ಸಿಕ್ಕಿತು. ಬೆಳ್ಳಿ ಹಾಳೆ ಅರ್ಧ ಹರಿದಿದೆ, ನಾಲ್ಕು ಮಾತ್ರೆ ಉಳಿದಿವೆ. ಮುಂದಿನ ನೆಗಡಿಗೆ ಆಗುತ್ತೆ ಅಂತ ಅಮ್ಮ ಎತ್ತಿಟ್ಟಿದ್ದು.

ನೆಗಡಿ ಬರುವುದು ವೈರಸ್‌ನಿಂದ. ಅದಕ್ಕೆ ಈ ಮಾತ್ರೆ ಏನೂ ಮಾಡಲ್ಲ. ಸುಮ್ನೆ ನುಂಗಿದರೆ ಮೈಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಬಲವಿಲ್ಲದವು ಸಾಯುತ್ತವೆ, ಗಟ್ಟಿಯಾದವು ಉಳಿದು ಬೆಳೆಯುತ್ತವೆ. ಅರೆಬರೆ ಡೋಸ್ ಅಪಾಯ ಅಂತ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನುವುದು ಅಂದಾಜು. ಓದಿ ಎದೆ ಝಲ್ ಅಂತು. ಸಿಸೇರಿಯನ್, ಆಪರೇಷನ್, ಕೀಮೋ ಎಲ್ಲ ಇದೇ ಔಷಧಗಳನ್ನು ನಂಬಿಕೊಂಡಿವೆ ಅಲ್ವಾ?

ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಫ್ರಿಜ್ ಮೇಲಿದ್ದ ಇನ್ನೊಂದು ಸ್ಟ್ರಿಪ್ ತಂದು ಕೈಗಿಟ್ಟಳು.